ಮೈಮೇಲೆ ಗಾಯವಿಲ್ಲ ಅಂದರೆ ಪರಿಹಾರವೂ ಇಲ್ಲವೇ?

ಪ್ರಶ್ನೆ: ನಮ್ಮನೆಯವರು ಮಾಲೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಪವರ್ ಪ್ರೆಸ್ (ತಗಡು ಒತ್ತುವ ಮೆಷಿನ್) ಆಪರೇಟರ್. ಆರು ವರ್ಷ ಸರ್ವಿಸ್, ಸಂಬಳ 18,000, ಇಎಸ್‌ಐ ಹಿಡಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ ಪಕ್ಕದ ಪ್ರೆಸ್ಸಿನ ಹುಡುಗ ಮೆಷಿನ್‌ಗೆ ಸಿಕ್ಕಿಕೊಂಡ. ಸ್ವಿಚ್ ಆಫ್ ಮಾಡಿ ಅವನನ್ನು ಹೊರಗೆಳೆದವರು ಇವರೇ. ಆಸ್ಪತ್ರೆ ಮುಟ್ಟುವ ಮೊದಲೇ ಹುಡುಗ ಹೋಗಿಬಿಟ್ಟ. ಅವತ್ತಿನಿಂದ ಇವರಿಗೆ ನಿದ್ದೆ ಇಲ್ಲ. ಕುಕ್ಕರ್ ಕೂಗಿದರೆ ಎದ್ದು ಹಿತ್ತಲಿಗೆ ಓಡುತ್ತಾರೆ. ಪ್ರೆಸ್ ಮುಂದೆ ನಿಂತರೆ ಕೈ ನಡುಗುತ್ತೆ ಅಂತಾರೆ. ಅತ್ತೆ ತಾಯಿತ ಕಟ್ಟಿಸಿದರು. ಇಎಸ್‌ಐ ಡಿಸ್ಪೆನ್ಸರಿಯಲ್ಲಿ ವೀಕ್‌ನೆಸ್ ಅಂತ ಬರೆದು ಹತ್ತು ದಿನ ರಜೆ ಕೊಟ್ಟರು. ಮಿಕ್ಕ ದಿನಗಳೆಲ್ಲ ಎಲ್‌ಒಪಿ, ಸಂಬಳವಿಲ್ಲ. ಎಚ್‌ಆರ್‌ನವರು 'ನಿನಗೆಲ್ಲಿ ಪೆಟ್ಟಾಗಿದೆ ತೋರಿಸು' ಅನ್ನುತ್ತಾರೆ. ಈಗ ರಾಜೀನಾಮೆ ಬರೆದುಕೊಟ್ಟರೆ ಏನಾದರೂ ಕೊಟ್ಟು ಕಳಿಸುತ್ತೇವೆ ಅಂತಿದ್ದಾರೆ. ಮನಸ್ಸಿಗೆ ಬಿದ್ದ ಪೆಟ್ಟಿಗೆ ಪರಿಹಾರ ಅಂತ ಇದೆಯಾ ಸಾರ್?
ಒಬ್ಬ ಓದುಗರು, ಮಾಲೂರು ತಾಲ್ಲೂಕು

ಉತ್ತರ:

ರಾಜೀನಾಮೆ ಬರೆದುಕೊಡಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ಓದಿಕೊಳ್ಳಬಹುದು, ಇದೊಂದನ್ನು ಮಾತ್ರ ಇವತ್ತು ರಾತ್ರಿಯೇ ಮನೆಯವರಿಗೆ ಹೇಳಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಯ 73ನೇ ಕಲಮಿನ ಪ್ರಕಾರ, ಕಾರ್ಮಿಕ ಕಾಯಿಲೆಯ ಅಥವಾ ಗಾಯದ ಭತ್ಯೆ ಪಡೆಯುತ್ತಿರುವಾಗ ಮಾಲೀಕರು ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ. 'ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ' ಅಂತ ಒಂದು ಸಾಲು ಬರೆದುಕೊಟ್ಟರೆ ಆ ರಕ್ಷಣೆ ಹೋಯಿತು. ಅದಕ್ಕೇ ಆ ಕಾಗದ ಕೇಳುತ್ತಿದ್ದಾರೆ.

ಇನ್ನು ನಿಮ್ಮ ಪ್ರಶ್ನೆ. ಪರಿಹಾರ ಇದೆ. ಕೇಳಿದ ಕೂಡಲೇ ಸಿಗುವುದಿಲ್ಲ, ಆದರೆ ಇದೆ.

1923ರ ನೌಕರರ ಪರಿಹಾರ ಕಾಯ್ದೆಯಲ್ಲಿ, 1948ರ ಇಎಸ್‌ಐ ಕಾಯ್ದೆಯಲ್ಲಿ ಇರುವ ಮಾತು 'ಪರ್ಸನಲ್ ಇಂಜುರಿ', ಅಂದರೆ ವ್ಯಕ್ತಿಗಾದ ಗಾಯ. 'ದೇಹಕ್ಕಾದ ಗಾಯ' ಅಂತ ಬರೆದಿಲ್ಲ. ಕೆಲಸದ ಹೊತ್ತಿನಲ್ಲಿ, ಕೆಲಸದ ಕಾರಣದಿಂದ, ಅಪಘಾತದಿಂದ ಆದ ಗಾಯವಾಗಿರಬೇಕು, ಅಷ್ಟೇ. ರಕ್ತ ಬಂದಿರಬೇಕು, ಮೂಳೆ ಮುರಿದಿರಬೇಕು ಎಂಬ ಷರತ್ತು ಎಲ್ಲೂ ಇಲ್ಲ. 1951ರಲ್ಲಿ ಪಂಜಾಬ್ ಹೈಕೋರ್ಟ್ ಒಂದು ಪತ್ರಿಕಾ ಕಚೇರಿಯ ಎಲೆಕ್ಟ್ರಿಷಿಯನ್ ಕೇಸಿನಲ್ಲಿ ಇದೇ ಮಾತು ಹೇಳಿತು. ಬಿಸಿ ಕೋಣೆಗೂ ತಣ್ಣನೆಯ ಯಂತ್ರದ ಕೋಣೆಗೂ ಓಡಾಡಿ ನ್ಯುಮೋನಿಯಾ ಆಗಿ ಅವರು ತೀರಿಕೊಂಡಿದ್ದರು. ಮೈಮೇಲೆ ಗಾಯದ ಗುರುತಿಲ್ಲದಿದ್ದರೂ ಅದು ಗಾಯವೇ ಎಂದಿತು ಕೋರ್ಟು.

ನಿಮ್ಮ ಮನೆಯವರ ಕಥೆಗೆ ಇನ್ನೂ ಹತ್ತಿರದ್ದು ಇಂಗ್ಲೆಂಡಿನ ಒಂದು ಹಳೆಯ ತೀರ್ಪು. ನಮ್ಮ 1923ರ ಕಾಯ್ದೆ ಅಲ್ಲಿನ ಕಾಯ್ದೆಯ ಮಾತುಗಳನ್ನೇ ಎತ್ತಿಕೊಂಡು ಬರೆದದ್ದು, ಹಾಗಾಗಿ ಅಲ್ಲಿನ ತೀರ್ಪನ್ನು ಇಲ್ಲಿ ಮುಂದಿಡಬಹುದು. ಕಲ್ಲಿದ್ದಲು ಗಣಿಯೊಳಗೆ ಜೊತೆಗಾರನೊಬ್ಬ ಅಪಘಾತಕ್ಕೆ ಸಿಕ್ಕಿದ. ಯೇಟ್ಸ್ ಎಂಬ ಕಾರ್ಮಿಕ ಓಡಿಹೋಗಿ ನೆರವಾದ. ಜೊತೆಗಾರ ಸತ್ತ. ಯೇಟ್ಸ್‌ಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ, ಆದರೆ ಆಮೇಲೆ ಗಣಿಗಿಳಿದು ಕೆಲಸ ಮಾಡಲು ಅವನಿಂದ ಆಗಲೇ ಇಲ್ಲ. 1910ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ನರಗಳಿಗಾದ ಈ ಆಘಾತವೂ ಕಾಲು ಮುರಿದಷ್ಟೇ ನಿಜವಾದ ಗಾಯ ಎಂದು ಪರಿಹಾರ ಕೊಟ್ಟಿತು. ನಿಮ್ಮ ಕಾಗದ ಓದುವಾಗ ನನಗೆ ಮೊದಲು ನೆನಪಾದದ್ದು ಇದು. ಗಣಿಯ ಬದಲು ಪ್ರೆಸ್ ಶಾಪ್ ಅನ್ನೋದು ಬಿಟ್ಟರೆ ಎರಡೂ ಒಂದೇ.

ನಮ್ಮ ಜಿಲ್ಲೆಯವರಿಗೆ ಇದು ಅರ್ಥವಾಗದ ವಿಷಯವಲ್ಲ. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಲೈನ್ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿತ್ತು. ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಯಾರ ಮನೆಯವರು ಕೆಳಗಿದ್ದಾರೋ ಅಂತ. ಹೆಣ ಹೊತ್ತು ಮೇಲೆ ಬಂದವರು ಮಾರನೇ ದಿನ ಮತ್ತೆ ಅದೇ ಶಾಫ್ಟ್‌ಗೆ ಇಳಿಯಬೇಕಿತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ದೀಪ ಆರಿಸದೆ ಮಲಗುತ್ತಿದ್ದ ಮುದುಕರನ್ನು ನಾನು ಕಂಡಿದ್ದೇನೆ. ಶ್ವಾಸಕೋಶಕ್ಕೆ ದೂಳು ಕೂತರೆ ಅದಕ್ಕೆ ಸಿಲಿಕೋಸಿಸ್ ಎಂಬ ಹೆಸರಿತ್ತು, ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಜಾಗವೂ ಇತ್ತು. ಇವರ ಹೆದರಿಕೆಗೆ ಆ ಅನುಸೂಚಿಯಲ್ಲಿ ಜಾಗ ಇರಲಿಲ್ಲ. ಈಗಲೂ ಇಲ್ಲ.

ಆ ಮೂರನೇ ಅನುಸೂಚಿ ಅಂದರೆ ವೃತ್ತಿಯಿಂದ ಬರುವ ಕಾಯಿಲೆಗಳ ಪಟ್ಟಿ. ಸೀಸದ ವಿಷ, ಸಿಲಿಕೋಸಿಸ್, ಶಬ್ದದಿಂದ ಕಿವುಡು, ಹೀಗೆ. ಪಟ್ಟಿಯಲ್ಲಿರುವ ಕಾಯಿಲೆ ಆ ಕೆಲಸದವನಿಗೆ ಬಂದರೆ ಕೆಲಸದಿಂದಲೇ ಬಂತೆಂದು ಕಾನೂನು ಒಪ್ಪಿಕೊಂಡು ಹೊರಡುತ್ತದೆ. ಮಾನಸಿಕ ಕಾಯಿಲೆ ಒಂದೂ ಅದರಲ್ಲಿಲ್ಲ. ಹಾಗಾಗಿ ನಿಮಗಿರುವ ದಾರಿ 'ಕಾಯಿಲೆ' ಅಲ್ಲ, 'ಅಪಘಾತ'. ಇಂಥ ದಿನ, ಇಂಥ ಗಂಟೆಗೆ, ಇಂಥ ಘಟನೆ ನಡೆಯಿತು, ಅದರಿಂದ ಮನಸ್ಸಿಗೆ ಪೆಟ್ಟು ಬಿತ್ತು ಎಂದು ತೋರಿಸಬೇಕು. ನಿಮ್ಮಲ್ಲಿ ಆ ಘಟನೆ ಇದೆ, ತಾರೀಖಿದೆ, ಸಾಕ್ಷಿ ಇದೆ. ಹೇಳಲು ಸಂಕಟವಾಗುತ್ತದೆ, ಆದರೆ ಕೇಸಿಗೆ ಅದೇ ಬಲ.

ಈಗ ಆ ಡಿಸ್ಪೆನ್ಸರಿ ಚೀಟಿ. ವೀಕ್‌ನೆಸ್ ಅಂತ ಬರೆದುಕೊಟ್ಟ ಚೀಟಿಯಲ್ಲೇ ನಿಮಗೆ ಅರ್ಧ ನಷ್ಟ ಆಗಿದೆ. ಇಎಸ್‌ಐನಲ್ಲಿ ಎರಡು ಬೇರೆ ಬೇರೆ ಭತ್ಯೆಗಳಿವೆ. ಮಾಮೂಲಿ ಕಾಯಿಲೆಗೆ ಕೊಡುವುದು ದಿನದ ಸರಾಸರಿ ಸಂಬಳದ ಶೇ. 70, ವರ್ಷಕ್ಕೆ 91 ದಿನ ಮಾತ್ರ. ಅದಕ್ಕೆ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕೆಲಸದಲ್ಲಾದ ಗಾಯಕ್ಕೆ ಕೊಡುವ ತಾತ್ಕಾಲಿಕ ಅಶಕ್ತತೆಯ ಭತ್ಯೆ ಶೇ. 90. ಅದಕ್ಕೆ ವಂತಿಗೆಯ ದಿನಗಳ ಲೆಕ್ಕವಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ಬರುತ್ತದೆ. 91 ದಿನದ ಮಿತಿಯೂ ಇಲ್ಲ, ಕೆಲಸ ಮಾಡಲಾಗದಷ್ಟು ಕಾಲ ಸಿಗುತ್ತದೆ. ನಿಮ್ಮ ಮನೆಯವರ ಸಂಬಳಕ್ಕೆ ದಿನಕ್ಕೆ ಸುಮಾರು 600 ಹಿಡಿದರೆ ಒಂದರಲ್ಲಿ 420, ಇನ್ನೊಂದರಲ್ಲಿ 540. ಎರಡು ತಿಂಗಳಿಗೆ ಏಳು ಸಾವಿರದಷ್ಟು ವ್ಯತ್ಯಾಸ. ಅದಕ್ಕಿಂತ ದೊಡ್ಡ ವ್ಯತ್ಯಾಸ ಮುಂದಿದೆ: ಗಾಯ ಎಂದು ದಾಖಲಾದರೆ, ದುಡಿಯುವ ಶಕ್ತಿ ಶಾಶ್ವತವಾಗಿ ಕುಗ್ಗಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದಾಗ ಕೊನೆಯವರೆಗೂ ಮಾಸಿಕ ಹಣ ಬರುತ್ತದೆ. ಕಾಯಿಲೆ ಎಂದು ದಾಖಲಾದರೆ ಆ ಬಾಗಿಲು ತೆರೆಯುವುದೇ ಇಲ್ಲ.

ಡಾಕ್ಟರನ್ನು ನಾನು ದೂರುವುದಿಲ್ಲ. ಡಿಸ್ಪೆನ್ಸರಿಯ ಸಾಲಿನಲ್ಲಿ ನಿಂತು 'ನಿದ್ದೆ ಬರಲ್ಲ, ಸುಸ್ತು' ಅಂತ ಒಬ್ಬರು ಹೇಳಿದರೆ ಅವರು ಬೇರೇನು ಬರೆಯಬೇಕು? ಆ ರಾತ್ರಿಯ ವಿಷಯ ನಿಮ್ಮ ಮನೆಯವರು ಬಾಯಿಬಿಟ್ಟಿರುವುದಿಲ್ಲ. ಈ ಥರದವರು ಯಾರೂ ಬಾಯಿಬಿಡುವುದಿಲ್ಲ. ಮರೆಯಬೇಕು ಅಂತ ಒದ್ದಾಡುತ್ತಿರುವ ವಿಷಯವನ್ನು ಸಾಲಿನಲ್ಲಿ ನಿಂತು ಹೇಗೆ ಹೇಳುತ್ತಾರೆ?

ಮೊದಲ ಕೆಲಸ, ಕಂಪನಿಗೆ ಒಂದು ಕಾಗದ. ಸಾವಿನ ಬಗ್ಗೆ ಕಂಪನಿ ಅಪಘಾತ ವರದಿ ಕಳಿಸಿರುತ್ತದೆ, ಇಎಸ್‌ಐಗೆ ಕಳಿಸುವ ಅದನ್ನು ಫಾರಂ 12 ಅನ್ನುತ್ತಾರೆ. ಅದರಲ್ಲಿರುವುದು ಆ ಹುಡುಗನ ಹೆಸರು ಮಾತ್ರ. ನಿಮ್ಮ ಮನೆಯವರಿಗಾದ ಗಾಯಕ್ಕೆ ಬೇರೆ ವರದಿ ಆಗಬೇಕು, ಅಪಘಾತ ಪುಸ್ತಕದಲ್ಲೂ ಬೇರೆ ನಮೂದು ಆಗಬೇಕು. ಕಾಗದದಲ್ಲಿ ಉದ್ದ ಬೇಡ: 'ಇಂಥ ದಿನ ರಾತ್ರಿ ಪಾಳಿಯಲ್ಲಿ ಸಹೋದ್ಯೋಗಿಯನ್ನು ಪ್ರೆಸ್ಸಿನಿಂದ ಹೊರತೆಗೆದೆ. ಆ ಘಟನೆಯಿಂದ ನನಗೆ ಮಾನಸಿಕ ಆಘಾತವಾಗಿದೆ. ಇಂಥ ದಿನಗಳಲ್ಲಿ ಕೆಲಸ ಮಾಡಲಾಗಲಿಲ್ಲ. ಇದನ್ನು ಕೆಲಸದಲ್ಲಾದ ಗಾಯವೆಂದು ದಾಖಲಿಸಿ ಇಎಸ್‌ಐ ಶಾಖಾ ಕಚೇರಿಗೆ ವರದಿ ಕಳಿಸಿ.' ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್. ಇನ್ನೊಂದು ಪ್ರತಿ ನೇರ ಶಾಖಾ ಕಚೇರಿಯ ಮ್ಯಾನೇಜರಿಗೆ. ಕಂಪನಿ ವರದಿ ಕಳಿಸದಿದ್ದರೂ ಅವರು ವಿಚಾರಣೆ ಮಾಡಬಹುದು. ತಿಂಗಳುಗಳು ಕಳೆದದ್ದಕ್ಕೆ ಹೆದರಬೇಡಿ, ತಡವಾದ ಕಾರಣವನ್ನು ಕಾಗದದಲ್ಲೇ ಬರೆಯಿರಿ: ಇದು ಕಾಯಿಲೆ ಅಂತ ನಮಗೇ ಗೊತ್ತಿರಲಿಲ್ಲ, ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದ್ದೆವು, ಅಂತ. ಅದು ನಿಜ, ನಿಜಕ್ಕೆ ಬೆಲೆ ಇದೆ.

ಎಚ್‌ಆರ್‌ನವರಿಗೆ ಒಂದು ಮಾತು ನೆನಪಿಸಬಹುದು. ಇಎಸ್‌ಐ ಇದ್ದವರಿಗೆ ಹಣ ಕೊಡುವುದು ಇಎಸ್‌ಐ ನಿಗಮ, ಕಂಪನಿಯಲ್ಲ. 53ನೇ ಕಲಮಿನ ಪ್ರಕಾರ ಅದೇ ಗಾಯಕ್ಕೆ ಕಂಪನಿಯ ಮೇಲೆ ನೌಕರರ ಪರಿಹಾರ ಕಾಯ್ದೆಯಡಿ ಕೇಸು ಹಾಕಲೂ ಆಗುವುದಿಲ್ಲ. ಫಾರಂ 12ಕ್ಕೆ ಸಹಿ ಹಾಕಿದರೆ ಅವರ ಜೇಬಿಗೆ ಕೈ ಹಾಕಿದಂತಲ್ಲ. ತಿಂಗಳು ತಿಂಗಳು ಇವರ ಸಂಬಳದಿಂದ ಶೇ. 0.75, ಕಂಪನಿಯಿಂದ ಶೇ. 3.25 ಹೋಗುತ್ತಿರುವುದು ಇಂಥ ದಿನಕ್ಕೇ.

ಎರಡನೆಯದು, ಆ ರಾತ್ರಿ ಅವರು ಅಲ್ಲಿದ್ದರು ಎಂಬ ದಾಖಲೆ. ಇದು ಈಗಾಗಲೇ ಸರ್ಕಾರದ ಕಡತದಲ್ಲಿದೆ. ಸಾವು ಆಗಿರುವುದರಿಂದ ಪೊಲೀಸರು ಎಫ್‌ಐಆರ್, ಮಹಜರು ಮಾಡಿರುತ್ತಾರೆ, ಹೊರಗೆಳೆದವರ ಹೇಳಿಕೆ ಪಡೆದಿರುತ್ತಾರೆ. ಕಾರ್ಖಾನೆಗಳ ಇಲಾಖೆಯ ಅಧಿಕಾರಿ ಬಂದು ತನಿಖೆ ಮಾಡಿರುತ್ತಾರೆ. ಈ ಕಾಗದಗಳ ಪ್ರತಿಗೆ ಅರ್ಜಿ ಹಾಕಿ, ಬೇಕಾದರೆ ಮಾಹಿತಿ ಹಕ್ಕಿನಲ್ಲಿ. ಜೊತೆಗೆ ಆರು ವರ್ಷದ ಹಾಜರಿ ಮತ್ತು ಸಂಬಳದ ಚೀಟಿಗಳನ್ನು ಒಂದು ಕಡೆ ಇಡಿ. 'ಮೊದಲಿಂದಲೂ ಹೀಗೇ ಇದ್ದ, ಮನೆಯಲ್ಲಿ ಸಾಲ ಇತ್ತು, ಕುಡೀತಿದ್ದ' ಎಂಬ ಮಾತು ಬಂದೇ ಬರುತ್ತದೆ. ಆರು ವರ್ಷ ಸರಿಯಾಗಿ ಪಾಳಿಗೆ ಹೋದ ಮನುಷ್ಯ ಆ ಆಗಸ್ಟ್ ತಿಂಗಳಿಂದ ರಜೆ ಹಾಕತೊಡಗಿದ ಎಂದು ಹಾಜರಿ ಪುಸ್ತಕ ತೋರಿಸಿದರೆ ಅದಕ್ಕಿಂತ ಬೇರೆ ಉತ್ತರ ಬೇಡ. ಕೆಲಸದ ಹೊತ್ತಿನಲ್ಲಾದ ಅಪಘಾತ ಕೆಲಸದ ಕಾರಣದಿಂದಲೇ ಆದದ್ದು ಎಂದು ಇಎಸ್‌ಐ ಕಾಯ್ದೆಯ 51ಎ ಕಲಮು ಮೊದಲೇ ಊಹಿಸಿಕೊಳ್ಳುತ್ತದೆ. ಅಲ್ಲ ಅನ್ನುವವರು ಸಾಕ್ಷ್ಯ ತರಬೇಕು. ನೀವು ತೋರಿಸಬೇಕಾದದ್ದು, ಆ ಘಟನೆಗೂ ಈ ನಡುಕಕ್ಕೂ ಇರುವ ನಂಟು.

ಅದನ್ನು ತೋರಿಸುವವರು ಮನೋವೈದ್ಯರು. ನೀವು ಬರೆದಿರುವುದನ್ನು ಓದಿದರೆ ಅವರು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆಗಾಗಿ ಪರೀಕ್ಷಿಸುತ್ತಾರೆ ಅನ್ನಿಸುತ್ತದೆ. ಹೆಸರಿಡುವುದು ನನ್ನ ಕೆಲಸವಲ್ಲ, ಅವರದು. ಸಾವನ್ನು ಕಣ್ಣಾರೆ ಕಂಡವರಿಗೆ ಅದು ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಅದನ್ನು ನೆನಪಿಸುವ ಜಾಗದಿಂದ ದೂರ ಓಡುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಇದೆಲ್ಲ ತಿಂಗಳು ದಾಟಿದರೂ ಬಿಡದಿರುವುದು ಅದರ ಲಕ್ಷಣ. ಮಾತಿನ ಚಿಕಿತ್ಸೆ ಇದೆ, ಮಾತ್ರೆಗಳಿವೆ, ಬಹಳ ಜನ ಸುಧಾರಿಸುತ್ತಾರೆ. ಡಿಸ್ಪೆನ್ಸರಿ ಡಾಕ್ಟರಿಂದ ಮನೋವೈದ್ಯರಿಗೆ ರೆಫರ್ ಬರೆಸಿಕೊಳ್ಳಿ, ಖಾಸಗಿ ಡಾಕ್ಟರ ಚೀಟಿಯೊಂದನ್ನೇ ಹಿಡಿದು ಹೋದರೆ ಭತ್ಯೆಗೆ ತಕರಾರು ಬರುತ್ತದೆ. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಕ್ಲಿನಿಕ್ ಇರುತ್ತದೆ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ದೊಡ್ಡದು ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ದೂರವೇನಲ್ಲ. ರಾತ್ರಿ ಹೊತ್ತು ಅವರಿಗೆ ತೀರಾ ಕಷ್ಟವಾದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡುತ್ತಾರೆ.

ವೈದ್ಯರ ಚೀಟಿಯಲ್ಲಿ ಕಾಯಿಲೆಯ ಹೆಸರಿನ ಜೊತೆ ಕಾರಣವೂ ಇರಬೇಕು. 'ಕೆಲಸದ ಸ್ಥಳದಲ್ಲಿ ಸಹೋದ್ಯೋಗಿಯ ಸಾವಿಗೆ ಸಾಕ್ಷಿಯಾದ ನಂತರ ಶುರುವಾದದ್ದು' ಎಂಬ ಒಂದು ಸಾಲು. ಈ ಸಾಲಿಲ್ಲದೆ ಕೇಸು ಸೋತವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಗಾಯ ಅಂತ ಒಪ್ಪದೆ ಹೋದರೂ ಕೈ ಖಾಲಿಯಾಗುವುದಿಲ್ಲ. ಇಎಸ್‌ಐನಲ್ಲಿ ದೀರ್ಘಕಾಲದ ಕಾಯಿಲೆಗಳ ಪಟ್ಟಿಯೊಂದಿದೆ. ಅದರಲ್ಲಿರುವ ಕಾಯಿಲೆಗೆ ಶೇ. 80ರಂತೆ ಎರಡು ವರ್ಷದವರೆಗೂ ಭತ್ಯೆ ಸಿಗಬಹುದು. ತೀವ್ರ ಖಿನ್ನತೆಯ ಒಂದು ಬಗೆ, ಸ್ಕಿಜೋಫ್ರೀನಿಯಾ ಮುಂತಾದವು ಅದರಲ್ಲಿವೆ, ಪಿಟಿಎಸ್‌ಡಿ ಹೆಸರಿಲ್ಲ. ಆಘಾತದ ಜೊತೆ ಖಿನ್ನತೆಯೂ ಸೇರಿಕೊಳ್ಳುವುದು ಸಾಮಾನ್ಯ, ವೈದ್ಯರನ್ನು ಕೇಳಿ. ಗಾಯವೇ ಅಲ್ಲ ಎಂದು ನಿಗಮ ತಿರಸ್ಕರಿಸಿದರೆ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದು, ಮೂರು ವರ್ಷದೊಳಗೆ.

ಇಎಸ್‌ಐ ಇಲ್ಲದವರೂ ಇದನ್ನು ಓದುತ್ತಿರುತ್ತಾರೆ: 21,000ಕ್ಕಿಂತ ಹೆಚ್ಚು ಸಂಬಳದ ಸೂಪರ್‌ವೈಸರುಗಳು, ಲಾರಿ ಡ್ರೈವರುಗಳು, ಕಲ್ಲುಕ್ವಾರಿಯವರು. ಅಪಘಾತ 2025ರ ನವೆಂಬರ್ 21ಕ್ಕೆ ಮೊದಲೇ ಆಗಿದ್ದರೆ ಅವರಿಗೆ ನೌಕರರ ಪರಿಹಾರ ಆಯುಕ್ತರ ಮುಂದೆ ಅರ್ಜಿ, ಎರಡು ವರ್ಷದೊಳಗೆ. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಈ ಆಯುಕ್ತರು. ಕಂಟ್ರಾಕ್ಟರ್ ಕೈಕೆಳಗಿದ್ದರೂ ಮೂಲ ಕಂಪನಿಯನ್ನೇ ಕೇಳಬಹುದು. ಇಲ್ಲಿ ಎಷ್ಟೇ ಸಂಬಳವಿದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. 30 ವರ್ಷದವರು ಪೂರ್ತಿ ದುಡಿಯಲಾಗದಂತಾದರೆ ಆ 15,000ದ ಶೇ. 60, ಅಂದರೆ 9,000ವನ್ನು ಆ ವಯಸ್ಸಿಗೆ ಕಾಯ್ದೆ ಗೊತ್ತುಮಾಡಿದ ಅಂಕಿ 207.98ರಿಂದ ಗುಣಿಸಬೇಕು: 18,71,820 ರೂಪಾಯಿ. ದುಡಿಮೆಯ ಶಕ್ತಿ ಶೇ. 30 ಕುಗ್ಗಿದೆ ಎಂದು ವೈದ್ಯರು ಹೇಳಿದರೆ 5,61,546. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ಶೇ. 50ರವರೆಗೆ ದಂಡ.

ಆ ಶೇಕಡಾ ಎಷ್ಟು ಎನ್ನುವುದರಲ್ಲೇ ಜಗಳವೆಲ್ಲ. 1975ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬಡಗಿಯ ಕೇಸು ಬಂತು, ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬತ. ಎಡಗೈ ಹೋಗಿತ್ತು. ಒಂದು ಕೈಯಲ್ಲಿ ಮರಗೆಲಸ ಮಾಡಲಾಗದು, ಆದ್ದರಿಂದ ನಷ್ಟ ಪೂರ್ತಿ ನೂರಕ್ಕೆ ನೂರು ಎಂದಿತು ಕೋರ್ಟು. ಅವನ ಕೆಲಸಕ್ಕೆ ಏನಾಯಿತು ಅಂತ ನೋಡಿತು. ಪ್ರೆಸ್ ಆಪರೇಟರ್ ಪ್ರೆಸ್ ಮುಂದೆ ನಿಲ್ಲಲಾರ ಅಂದರೆ ಅದೇ ಪ್ರಶ್ನೆ ಕೇಳಬೇಕು. ಅಂಗವಿಕಲರ ಕಾರ್ಡಿಗೆ ಕೊಡುವ ಶೇಕಡಾವಾರು ಬೇರೆ, ದುಡಿಮೆಯ ನಷ್ಟದ ಶೇಕಡಾವಾರು ಬೇರೆ. ಎರಡನ್ನೂ ಕಲಸಿ ಕಡಿಮೆ ಹಣ ಕೊಟ್ಟು ಮುಗಿಸಲು ನೋಡುತ್ತಾರೆ, ಒಪ್ಪಬೇಡಿ.

2025ರ ನವೆಂಬರ್ 21ರಿಂದ ನೌಕರರ ಪರಿಹಾರ ಕಾಯ್ದೆ, ಇಎಸ್‌ಐ ಕಾಯ್ದೆ ಎರಡರ ಜಾಗಕ್ಕೂ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಿಮ್ಮದು ಆಗಸ್ಟ್‌ನ ಘಟನೆ, ಹಳೆಯ ಕಾಯ್ದೆಯ ಹಕ್ಕೇ ನಡೆಯುತ್ತದೆ. ಹೊಸದರಲ್ಲೂ 'ಪರ್ಸನಲ್ ಇಂಜುರಿ' ಎಂಬ ಮಾತು ಹಾಗೇ ಉಳಿದಿದೆ. ಇಷ್ಟು ವರ್ಷವಾದ ಮೇಲೆ 'ಮಾನಸಿಕ ಗಾಯವೂ ಸೇರಿ' ಎಂದು ಮೂರು ಪದ ಸೇರಿಸಬಹುದಿತ್ತು. ಸೇರಿಸಲಿಲ್ಲ. ನನಗೆ ಇದು ನಿಜವಾಗಿ ನೋವಿನ ಸಂಗತಿ.

ಘಟನೆಯಿಲ್ಲದೆ ದಿನದಿನವೂ ಸವೆದವರ ಗತಿ ಇನ್ನೂ ಕಷ್ಟ. ಗೌರಿಬಿದನೂರಿನ ಕಡೆ ಗಾರ್ಮೆಂಟ್ಸಿನಲ್ಲಿ ಟಾರ್ಗೆಟ್ ಮುಟ್ಟಿಲ್ಲ ಅಂತ ಲೈನ್ ಮಧ್ಯೆ ನಿಲ್ಲಿಸಿ ಬೈಸಿಕೊಳ್ಳುವ ಹೆಣ್ಣುಮಕ್ಕಳಿಗೆ ಮನಸ್ಸು ಕೆಟ್ಟರೆ ಅದು ಅಪಘಾತವೂ ಅಲ್ಲ, ಪಟ್ಟಿಯ ಕಾಯಿಲೆಯೂ ಅಲ್ಲ. ಲೈಂಗಿಕ ಕಿರುಕುಳವಾಗಿದ್ದರೆ ಮಾತ್ರ 2013ರ ಕಾಯ್ದೆಯ 15ನೇ ಕಲಮಿನಲ್ಲಿ ಮಾನಸಿಕ ಆಘಾತ, ನೋವು, ಯಾತನೆಗೆ ಪರಿಹಾರ ಎಂದು ಸ್ಪಷ್ಟವಾಗಿ ಬರೆದಿದೆ. ದೂರು ಮೂರು ತಿಂಗಳೊಳಗೆ.

ಮತ್ತೆ ನಿಮ್ಮ ಮನೆಗೆ ಬರುತ್ತೇನೆ. ಕೆಲಸಕ್ಕೆ ವಾಪಸ್ ಹೋಗುವಾಗ ಪ್ರೆಸ್ ಬೇಡ, ಸ್ಟೋರ್ಸಿಗೋ ಪ್ಯಾಕಿಂಗಿಗೋ ಹಾಕಿ ಅಂತ ಮನೋವೈದ್ಯರ ಸಲಹೆಯ ಜೊತೆ ಬರೆದು ಕೇಳಿ. ಬಾಯಲ್ಲಿ ಕೇಳಬೇಡಿ.

ಇನ್ನು ಕುಕ್ಕರ್ ವಿಷಯ. ಗಾಳಿಯ ಒತ್ತಡದ ಮೇಲೆ ನಡೆಯುವ ಪ್ರೆಸ್ಸು ಪ್ರತಿ ಹೊಡೆತಕ್ಕೂ ಗಾಳಿ ಬಿಡುತ್ತದೆ, 'ಸ್ಸ್' ಅಂತ. ಇವರು ಹಿತ್ತಲಿಗೆ ಓಡುವುದು ಆ ಸದ್ದು ಕೇಳಿ ಅಂತ ನನ್ನ ಅನುಮಾನ. ವೈದ್ಯರಿಗೆ ಇದಕ್ಕಿಂತ ಮುಖ್ಯವಾದ ವಿವರ ಬೇರೆ ಸಿಗಲಾರದು, ಇಎಸ್‌ಐನವರಿಗೂ ಅಷ್ಟೆ. ಆದರೆ ಇದನ್ನು ನಿಮ್ಮ ಮನೆಯವರು ಹೇಳುವುದಿಲ್ಲ, ನಾಚಿಕೆಪಡುತ್ತಾರೆ. ಆಸ್ಪತ್ರೆಗೆ ಅವರೊಬ್ಬರನ್ನೇ ಕಳಿಸಬೇಡಿ ತಾಯಿ. ನೀವೂ ಜೊತೆಗೆ ಹೋಗಿ, ಎಷ್ಟು ಸಲ ಓಡಿದರು, ಎಷ್ಟು ಹೊತ್ತಿಗೆ ವಾಪಸ್ ಬಂದರು, ಬಂದಾಗ ಕೈ ಹೇಗಿತ್ತು ಅಂತ ನೀವೇ ಹೇಳಿ.